ಅಲ್ಲೇ ಐತಿ ನೋಡ್ರಿ

ಮಧ್ಯಾಹ್ನ ಉಂಡು ಇನ್ನೇನು ಕಣ್ಣಿಗೆ ಜೊಂಪು ಹತ್ತಬೇಕು, ಫೋನು ಬಡಕೊಂಡಿತು. ಕೊರಿಯರ್ ಹುಡುಗ.

“ಸರ್, ಮನಿ ಎಲ್ಲಿ ಬರ್ತದ್ರಿ?”

ಮೂವತ್ತು ವರ್ಷದಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿದೆ. “ಬೇವಿನ ಗಿಡದ ಬುಡಕ ಚಾದಂಗಡಿ ಐತಲ್ಲ, ಅದರ ಎದುರಿನ ಓಣಿ, ಮೂರನೇ ಮನಿ.”

“ಗಿಡಾನೂ ಇಲ್ರಿ, ಚಾದಂಗಡೀನೂ ಇಲ್ರಿ. ಮೊಬೈಲ್ ನೋಡಿದ್ರ ನಿಮ್ಮ ಮನಿ ನಾಲಾದಾಗ ತೋರಸ್ತೈತ್ರಿ ಸರ್.”

ಗಿಡ ಕಡಿದು ತಿಂಗಳಾಗಿತ್ತು, ಅಂಗಡಿ ಮತ್ತೆ ಸರಿದಿತ್ತು. ಹೇಳುವ ಭರದಲ್ಲಿ ಎರಡನ್ನೂ ಮರೆತಿದ್ದೆ. ತಿದ್ದಿ ಹೇಳುವಷ್ಟರಲ್ಲಿ ಫೋನು ಕಟ್. ಅರ್ಧ ತಾಸಿಗೆ ಮೆಸೇಜು: ಗ್ರಾಹಕರು ವಿಳಾಸದಲ್ಲಿ ಸಿಗಲಿಲ್ಲ. ಗ್ರಾಹಕ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕುಳಿತು ಅದನ್ನೇ ಓದುತ್ತಿದ್ದ.

ಸಿದ್ಧೇಶ್ವರ ಜಾತ್ರೆಗೆಂದು ಬಂದ ತಂಗಿಯ ಮಗ ಹೊರಸಿನ ಮೇಲೆ ಬಿದ್ದುಕೊಂಡು ನಗುತ್ತಿದ್ದ. “ಮಾಮಾ, ನಮ್ಮ ಕೆಲಸದಾಗೂ ಇದೇ ಗೋಳು.”

ಅವನ ಕೆಲಸ ಏನೆಂದು ಯಾರಾದರೂ ಕೇಳಿದರೆ ತಂಗಿ ‘ಸೈಂಟಿಸ್ಟ್’ ಎಂದು ಮಾತು ಮುಗಿಸುತ್ತಾಳೆ. ನಾನು ಒಮ್ಮೆ ಪಟ್ಟು ಹಿಡಿದು ಕೇಳಿದ್ದೆ. “ಭಾಳ ದೂರದ ರೇಡಿಯೋ ಮೂಲಗಳು ಅದಾವ ಮಾಮಾ, ಕ್ವೇಸಾರ್ ಅಂತಾರ. ಅವು ಇದ್ದಲ್ಲೇ ಅದಾವೋ ಇಲ್ಲೋ ಅಂತ ನೋಡೂದು.” “ಅದಾವೇನು?” “ಸುಮಾರಾಗಿ ಅದಾವ.” ಇದಕ್ಕೆ ಪಗಾರ ಕೊಡುತ್ತಾರೆ. ನಾನು ಮೂವತ್ತು ವರ್ಷ ಇದ್ದಲ್ಲೇ ಇದ್ದೇನೆ, ಬಂದು ನೋಡಿ ಬರೆದುಕೊಂಡು ಹೋದವರು ವಿದ್ಯುತ್ ಮೀಟರಿನವರು ಮಾತ್ರ.

ಚಾದಂಗಡಿಯ ಮಾತು ಬಂದಿತಲ್ಲ, ಅದರ ಮೇಲೆ ನನಗೆ ಹಳೆಯ ಸಿಟ್ಟಿದೆ. ಮೊದಲು ಅದು ಬೇವಿನ ಗಿಡದ ಬುಡದಲ್ಲಿತ್ತು. ರಸ್ತೆ ಅಗಲ ಮಾಡಿದಾಗ ಆಚೆ ಬದಿಗೆ ಹೋಯಿತು. ಗಟಾರ ತೋಡಿದಾಗ ಎರಡು ಓಣಿ ದಾಟಿತು, ಮತ್ತೆ ಗಿಡದ ಬುಡಕ್ಕೆ ಬಂತು, ಈಗ ಗಿಡವೇ ಇಲ್ಲವಾದ ಮೇಲೆ ಟ್ರಾನ್ಸ್‌ಫಾರ್ಮರ್ ಕಡೆ ಹೋಗಿದೆಯಂತೆ. ಮಾಲೀಕನನ್ನು ಕೇಳಿದರೆ ಪ್ರತಿ ಸಲ ಒಂದೇ ಉತ್ತರ: “ಎಲ್ಲಿ ಹೋಗೇತ್ರಿ, ಇಲ್ಲೇ ಐತಲ್ಲ!” ಅವನ ಲೆಕ್ಕದಲ್ಲಿ ಸ್ಟೋವು, ಕಿಟ್ಲಿ, ಕಾಲು ಮುರಿದ ಬಾಕು ಎಲ್ಲಿವೆಯೋ ಅದೇ ಅಂಗಡಿ. ಉಳಿದ ಊರೇ ಆಚೀಚೆ ಸರಿದಾಡುತ್ತಿದೆ.

ಗಟಾರ ತೋಡಿದ ಆ ವರ್ಷವೇ ತಂಗಿಯನ್ನು ನೋಡಲು ಜಮಖಂಡಿ ಕಡೆಯ ಬೀಗರು ಬರುವವರಿದ್ದರು. ಅಪ್ಪ ಇನ್‌ಲ್ಯಾಂಡ್ ಪತ್ರದಲ್ಲಿ ದುಂಡಗೆ ಬರೆದಿದ್ದ: ಚಾದಂಗಡಿ ಎದುರಿನ ಓಣಿ, ಮೂರನೇ ಮನೆ, ಹಸಿರು ಬಾಗಿಲು. ಪತ್ರ ಸರಿಯಾಗಿ ಮುಟ್ಟಿತು, ಆ ನಡುವೆ ಅಂಗಡಿ ಸರಿಯಿತು. ಬೀಗರು ಚಾದಂಗಡಿ ಹಿಡಿದು ಓಣಿ ಹೊಕ್ಕರು, ಮೂರು ಮನೆ ಎಣಿಸಿದರು. ಬಾಗಿಲು ಹಸಿರೇ! ಆಗ ಅರ್ಧ ಊರಿನ ಬಾಗಿಲು ಹಸಿರು. ನಮ್ಮ ಕಡೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಆಮೇಲೆ ಚಾ, ಯಾರು ಏನು ಎಂಬ ವಿಚಾರಣೆ ಅದರ ಮೇಲೆ. ಆ ಮನೆಯವರು ಸುಸಲಾ ಮಾಡಿದರು, ಮಿರ್ಚಿ ಕರಿದರು. ತಟ್ಟೆ ತಂದಿಟ್ಟವಳು ಆ ಮನೆಯ ಮಗಳು. ಹುಡುಗನ ಅವ್ವ ಅವಳನ್ನು ಕೂರಿಸಿಕೊಂಡು ಹೆಸರು ಕೇಳಿದಳು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದಳು. ಮನೆಯವರಿಗೆ ವಿಚಿತ್ರವೆನಿಸಿತು, ಆದರೆ ಉಣ್ಣುತ್ತ ಕುಳಿತವರನ್ನು ಯಾರು ನೀವು ಎಂದು ಕೇಳುವುದು ಹೇಗೆ? ತಾಸಿನ ಮೇಲೆ ಹಿರಿಯರು “ನಮಗ ಹುಡುಗಿ ಪಸಂದ ಅದಾಳ” ಎಂದಾಗಲೇ ಗುಟ್ಟು ಒಡೆದದ್ದು. ಅಷ್ಟರಲ್ಲಿ ಎಲೆ ಅಡಿಕೆ ಬಾಯಿಗೆ ಹೋಗಿತ್ತು. ಜಾತಿ, ಗೋತ್ರ, ಹೊಲ ಎಲ್ಲ ಹೊಂದಿದವು ಬೇರೆ.

ಇತ್ತ ನಾವು ದೀಪ ಹಚ್ಚುವ ಹೊತ್ತಿನವರೆಗೂ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯ್ದೆವು. ಬೋಗುಣಿ ತುಂಬ ಮಾಡಿದ್ದ ಶಿರಾ ಕಲ್ಲಾಯಿತು. ಎರಡು ದಿನ ಅದನ್ನೇ ಉಂಡೆವು. ಅವ್ವ ಅಂಗಡಿಗೇ ಹೋಗಿ ಬೈದಳು. “ನಾ ಏನ್ ಮಾಡ್ಲೆವ್ವಾ, ಅಂಗಡಿ ಅಲ್ಲೇ ಐತಿ ನೋಡು, ಗಟಾರ ಬಂತು” ಎಂದನಂತೆ. ಆ ದಂಪತಿ ಈಗಲೂ ಜಾತ್ರೆಯಲ್ಲಿ ಸಿಗುತ್ತಾರೆ, ನನ್ನನ್ನು ನೋಡಿ ನಗುತ್ತಾರೆ. ನಾನು ನಗುವುದಿಲ್ಲ.

ತಂಗಿಗೆ ಮುಂದೆ ಇಂಡಿ ಕಡೆಯ ಸಂಬಂಧ ಕೂಡಿಬಂತು. ಹೊರಸಿನ ಮೇಲೆ ಬಿದ್ದು ನಗುತ್ತಿರುವುದು ಅದರ ಫಲ. ಹಾಗಾಗಿ ಅವಳು ಚಾದಂಗಡಿಯನ್ನು ಬೈಯಲು ಬಿಡುವುದಿಲ್ಲ.

“ಗುರುತಿಗೆ ಹತ್ತಿರದ್ದನ್ನ ಹಿಡೀಬಾರ್ದು ಮಾಮಾ. ನಕ್ಷತ್ರಾನೂ ಹತ್ತಿರಾನ, ಅವೂ ಸರೀತಾವ. ಕೋಟ್ಯಂತರ ಜ್ಯೋತಿರ್ವರ್ಷ ದೂರ ಇದ್ದದ್ದನ್ನ ಹಿಡೀಬೇಕು.” ಹಾಗೆಂದು 1998ರಲ್ಲಿ ಖಗೋಳದವರು ಆಕಾಶಕ್ಕೆ ಹೊಸ ಚೌಕಟ್ಟು ಹಾಕಿ 212 ಮೂಲಗಳನ್ನು ಮೂಲೆಗಲ್ಲು ಎಂದು ನೆಟ್ಟರಂತೆ. ಅವುಗಳಲ್ಲಿ ಎಷ್ಟೋ ಕಲ್ಲು ಮುಂದಿನ ಪಟ್ಟಿಯಲ್ಲಿ ಹುದ್ದೆ ಕಳೆದುಕೊಂಡವು. 2010ರ ಆ ಪಟ್ಟಿಯಲ್ಲಿ ತೀರಾ ಚಂಚಲವೆಂದು 39ನ್ನು ಬೇರೆಯೇ ಕೂರಿಸಿದರು, ಶಾಲೆಯಲ್ಲಿ ಗದ್ದಲದ ಹುಡುಗರನ್ನು ಮುಂದಿನ ಬೆಂಚಿಗೆ ತರುವ ಹಾಗೆ. 2019ರಿಂದ ನಡೆದಿರುವುದು ಮೂರನೆಯ ಪಟ್ಟಿ: 4536 ಮೂಲಗಳು, ಅದರಲ್ಲಿ 303 ಮೂಲೆಗಲ್ಲು.

“ಅಷ್ಟು ದೂರದವು ಯಾಕ ಸರೀತಾವು?”

“ಅವು ಸರಿಯೂದಿಲ್ಲ. ಒಳಗಿಂದ ಜೆಟ್ ಚಿಮ್ಮತದ, ಅದರಾಗೊಂದು ಬೆಳಕಿನ ಗಡ್ಡಿ ಹೊರಗ ಬಂದ್ರ ಇಡೀದ್ದೇ ಆ ಕಡೆ ಸರಿದಂಗ ಕಾಣತೈತಿ.” ಅಂದರೆ ಅಂಗಡಿ ಅಲ್ಲೇ ಇದೆ, ಬದಿಗೊಂದು ಝಗಝಗ ಬೋರ್ಡು ಹಾಕಿದ್ದಾರೆ. ಚಾದಂಗಡಿಯವನ ವಾದವೂ ಇದೇ ಅಲ್ಲವೇ? ಸರಿಯುವುದಾದರೂ ಎಷ್ಟು ಎಂದರೆ, ಈ ಪಟ್ಟಿಯವರು ಜಗಳಾಡುವ ಕೋನದ ಅಳತೆ 30 ಮೈಕ್ರೋ ಆರ್ಕ್‌ಸೆಕೆಂಡ್. ಚಂದ್ರನ ಮೇಲೆ ಚಾ ಗ್ಲಾಸೊಂದನ್ನು ಇಟ್ಟರೆ ಇಲ್ಲಿಂದ ಅದರ ಬಾಯಿ ಕಾಣುವಷ್ಟು. ನಮ್ಮಲ್ಲಿ ಎರಡು ಓಣಿ ದಾಟಿದರೂ ಯಾರಿಗೂ ಏನೂ ಅನಿಸುವುದಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ಅವರು ನಮ್ಮವರೇ. 1963ರಲ್ಲಿ ಮಾರ್ಟೆನ್ ಸ್ಮಿತ್ ಎಂಬ ಖಗೋಳದವನು ದೂರ ಲೆಕ್ಕ ಹಾಕಿದ 3ಸಿ 273 ಎಂಬ ಕ್ವೇಸಾರಿಗೆ ಇನ್ನೊಂದು ಹೆಸರು 1226+023. ಇದು 1950ರ ಲೆಕ್ಕದ ವಿಳಾಸ: ಆಕಾಶದ ಅಳತೆಯಲ್ಲಿ 12 ಗಂಟೆ 26 ನಿಮಿಷ. ಭೂಮಿಯ ಅಕ್ಷ ಓಲಾಡಿ ಈಗಿನ ಪಟ್ಟಿಯಲ್ಲಿ ಅದು 12 ಗಂಟೆ 29 ನಿಮಿಷಕ್ಕೆ ಬಂದಿದೆ, ಹೆಸರು ಹಳೆಯದೇ. 2014ರ ನವೆಂಬರ್ 1ಕ್ಕೆ ನಮ್ಮ ಊರು ವಿಜಯಪುರವಾಯಿತು, ಬಸ್ಸಿನಲ್ಲಿ ಕೂತವರು ಇಂದಿಗೂ “ಬಿಜಾಪುರ ಎರಡು ಕೊಡ್ರಿ” ಎನ್ನುತ್ತಾರೆ. ಕೆಡವಿದ ಟಾಕೀಸಿನ ಹೆಸರು ಹೇಳಿದರೆ ಆಟೋದವರು ಇಂದಿಗೂ ಕರಾರುವಾಕ್ಕಾಗಿ ಅಲ್ಲಿಗೇ ಒಯ್ಯುತ್ತಾರೆ. ಗೋಳಗುಮ್ಮಟ ಗುರುತು ಹೇಳೋಣವೆಂದರೆ ಅದು ಎಲ್ಲರ ಮನೆಯಿಂದಲೂ ಕಾಣುತ್ತದೆ, ಹೀಗಾಗಿ ಯಾರ ಮನೆಗೂ ಉಪಯೋಗವಿಲ್ಲ.

“ಹೋಗ್ಲಿ, ನನ್ನ ಮನಿಯಾದ್ರೂ ಅಲ್ಲೇ ಐತಲ್ಲ” ಎಂದೆ.

“ಇಲ್ಲ ಮಾಮಾ. ಭಾರತ ವರ್ಷಕ್ಕ 5 ಸೆಂಟಿಮೀಟರ್‌ನಷ್ಟು ಈಶಾನ್ಯಕ್ಕ ಸರೀತದ. ಮೂವತ್ತು ವರ್ಷಕ್ಕ ಒಂದೂವರೆ ಮೀಟರ್.”

ಐದು ಫೂಟು! ಸದ್ಯ, ಬಾಜೂ ಮನೆಯವನೂ ಅಷ್ಟೇ ಸರಿದಿದ್ದಾನೆ. ಇಲ್ಲದಿದ್ದರೆ ಕಂಪೌಂಡಿನ ದಾವೆ ಇನ್ನೂ ಹತ್ತು ವರ್ಷ ಎಳೆಯುತ್ತಿತ್ತು. ಕೊರಿಯರ್ ಹುಡುಗನ ಮೊಬೈಲಿನ ಜಿಪಿಎಸ್ ಸರಿ ನಡೆಯಬೇಕಾದರೂ ಭೂಮಿ ಎಷ್ಟು ತಿರುಗಿದೆ ಎಂಬುದನ್ನು ಈ ಕ್ವೇಸಾರ್‌ಗಳನ್ನೇ ನೋಡಿ ಲೆಕ್ಕ ಹಾಕುತ್ತಾರಂತೆ. ಕೋಟ್ಯಂತರ ಜ್ಯೋತಿರ್ವರ್ಷದ ಆಧಾರ ಹಿಡಿದು ನನ್ನನ್ನು ನಾಲಾಕ್ಕೆ ನೂಕಿದ್ದಾರೆ.

ಅಳೆಯುವುದು ಹೇಗೆ ಎಂದರೆ, ಬೇರೆ ಬೇರೆ ಖಂಡದ ತಟ್ಟೆಯಂಥ ರೇಡಿಯೋ ಆಂಟೆನಾಗಳು ಒಂದೇ ಮೂಲವನ್ನು ಕೇಳುತ್ತವೆ, ಪರಮಾಣು ಗಡಿಯಾರ ಇಟ್ಟು ಬರೆದುಕೊಳ್ಳುತ್ತವೆ, ಆಮೇಲೆ ಒಂದು ಕಡೆ ಕೂಡಿಸಿ ನೋಡುತ್ತಾರೆ. ಬರೆದುಕೊಂಡದ್ದನ್ನು ಮೊದಲು ಟೇಪುಗಳಲ್ಲಿ, ಆಮೇಲೆ ಹಾರ್ಡ್ ಡಿಸ್ಕುಗಳಲ್ಲಿ ತುಂಬಿ ಕಳಿಸುತ್ತಿದ್ದರು.

“ಹೆಂಗ ಕಳಿಸ್ತಿದ್ರು?”

“ಪಾರ್ಸಲ್ ಮಾಡಿ ಮಾಮಾ. ಕೊರಿಯರ್.”

ಆ ಹುಡುಗರಿಗೆ ಗುರುತು ಏನು ಹೇಳುತ್ತಿದ್ದರು ಎಂದು ಕೇಳಬೇಕೆನ್ನುವಷ್ಟರಲ್ಲಿ ಮತ್ತೆ ಫೋನು.

“ಸರ್, ಚಾದಂಗಡಿ ಸಿಕ್ತ್ರಿ. ಅಲ್ಲೇ ಎದುರಿನ ಓಣಿ, ಮೂರನೇ ಮನಿ ಮುಂದ ನಿಂತೀನಿ. ಬಾಗಲಾ ತೆಗೀರಿ.”

ನನ್ನ ಬಾಗಿಲು ತೆರೆದೇ ಇತ್ತು.