ಕಾಂಕ್ರೀಟಿಗೆ ಇದ್ದಿಲು: ಒಂದು ಚೀಲದ ಲೆಕ್ಕ

ಹೋದ ತಿಂಗಳು ಒಂದು ಬಾಂಡ್ಲಿ ಗಾರೆ ಹಾಳು ಮಾಡಿಕೊಂಡೆ. ಬಯೋಚಾರ್ ಕಾಂಕ್ರೀಟ್ ಬಗ್ಗೆ ಓದಿ ಓದಿ ಕೈ ತುರಿಸುತ್ತಿತ್ತು. ಇದ್ದಿಲು ಕುಟ್ಟಿ, ಜರಡಿ ಹಿಡಿದು, ಸಿಮೆಂಟು ಮರಳಿಗೆ ಬೆರೆಸಿದೆ.

ನೀರು ಹಾಕಿದಷ್ಟೂ ಕುಡಿಯಿತು. ಒಂದಷ್ಟು ಕಪ್ಪು ಪುಡಿ ಮೇಲೆ ತೇಲಿತು. ಕರಣೆ ಎಳೆದರೆ ಜಾರಲಿಲ್ಲ, ತಡೆತಡೆದು ಹೋಯಿತು. ಇನ್ನೊಂದು ಚೊಂಬು ನೀರು ಸುರಿದೆ. ಗಾರೆ ಮೆತ್ತಗಾಯಿತು, ನನಗೂ ಖುಷಿಯಾಯಿತು. ವಾರ ಬಿಟ್ಟು ನೋಡಿದರೆ ಬಿಲ್ಲೆಯ ಅಂಚು ಉಗುರು ತಾಗಿದರೇ ಉದುರುತ್ತಿತ್ತು. ನೀರು ಜಾಸ್ತಿಯಾದರೆ ಬಲ ಹೋಗುತ್ತದೆ ಅಂತ ಯಾವ ಮೇಸ್ತ್ರಿಯಾದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ, ಅಷ್ಟೇ.

ಬಯೋಚಾರ್ ಅಂದರೆ ಇದ್ದಿಲೇ. ಮರದ ಚೂರು, ತೆಂಗಿನ ಚಿಪ್ಪು, ಭತ್ತದ ಹೊಟ್ಟು, ಏನಾದರೂ ಸರಿ, ಗಾಳಿ ಆಡದ ಹಾಗೆ ಮುಚ್ಚಿ 300ರಿಂದ 700 ಡಿಗ್ರಿ ಶಾಖದಲ್ಲಿ ಬೇಯಿಸಿದ್ದು. ಗಾಳಿ ಆಡಿದರೆ ಬೂದಿ, ಆಡದಿದ್ದರೆ ಇದ್ದಿಲು. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಹೊಟ್ಟಿನ ಬೂದಿಯಲ್ಲಿ ಇರುವುದು ಸಿಲಿಕಾ. ಅದು ಸಿಮೆಂಟಿನಿಂದ ಬರುವ ಸುಣ್ಣದ ಜೊತೆ ಸೇರಿ ತಾನೂ ಗಟ್ಟಿಯಾಗುತ್ತದೆ. ಇದ್ದಿಲಿನಲ್ಲಿ ಮುಖ್ಯವಾಗಿ ಇರುವುದು ಕಾರ್ಬನ್. ಅದು ಸುಮ್ನೆ ಕೂರುತ್ತದೆ.

ಸುಮ್ನೆ ಕೂರುವುದೇ ಅದರ ದೊಡ್ಡ ಗುಣ. ಗಿಡ ಗಾಳಿಯಿಂದ ಹೀರಿಕೊಂಡ ಕಾರ್ಬನ್, ಹೊಟ್ಟು ಕೊಳೆತರೂ ಸುಟ್ಟರೂ ಮತ್ತೆ ಗಾಳಿಗೇ ಹೋಗುತ್ತದೆ. ಇದ್ದಿಲಾಗಿ ಗೋಡೆಯೊಳಗೆ ಸೇರಿದರೆ ಒಂದಷ್ಟು ಪಾಲು ಅಲ್ಲೇ ಉಳಿಯುತ್ತದೆ. ಕಟ್ಟಡ ಒಡೆದರೂ ಅದು ಪುಡಿಯಾದ ಕಾಂಕ್ರೀಟಿನಲ್ಲೇ ಇರುತ್ತದೆ.

ಇನ್ನೊಂದು ಕಡೆ ಸಿಮೆಂಟು. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಗೆ ಕಾಯಿಸಬೇಕು. ಉರುವಲಿನ ಹೊಗೆ ಹಾಗಿರಲಿ, 100 ಕೆಜಿ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಕಲ್ಲಿನೊಳಗಿಂದಲೇ 44 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬಿಸಿಲಿನಿಂದಲೇ ಕಾಯಿಸಿದರೂ ಅದು ತಪ್ಪುವುದಿಲ್ಲ. ಜಗತ್ತಿನಲ್ಲಿ ಮನುಷ್ಯರು ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7-8ರಷ್ಟು ಸಿಮೆಂಟಿನದೇ.

ಈಗ ಲೆಕ್ಕ ಹಾಕೋಣ. 50 ಕೆಜಿಯ ಒಂದು ಚೀಲ ಸಿಮೆಂಟಿನ ಹಿಂದೆ ಸುಮಾರು 40 ಕೆಜಿ ಇಂಗಾಲದ ಡೈಆಕ್ಸೈಡ್ ಇದೆ ಅನ್ನಿ. ಅದರಲ್ಲಿ ಶೇ. 2, ಅಂದರೆ 1 ಕೆಜಿ ಸಿಮೆಂಟು ತೆಗೆದು ಆ ಜಾಗಕ್ಕೆ ಬಯೋಚಾರ್ ಹಾಕಿದರೆ, ಉಳಿತಾಯವಾದ ಸಿಮೆಂಟಿನಿಂದ 0.8 ಕೆಜಿ ಲಾಭ. ಬಯೋಚಾರಿನಲ್ಲಿ ಮುಕ್ಕಾಲು ಪಾಲು ಕಾರ್ಬನ್ ಇದ್ದರೆ ಅದು ಹಿಡಿದಿಟ್ಟದ್ದು, ಗಾಳಿಯಲ್ಲಿ ಕಾರ್ಬನ್ ಜೊತೆಗಿದ್ದ ಆಮ್ಲಜನಕದ ತೂಕವನ್ನೂ ಸೇರಿಸಿದರೆ, ಇನ್ನೊಂದು 2.75 ಕೆಜಿ ಇಂಗಾಲದ ಡೈಆಕ್ಸೈಡ್. ಒಟ್ಟು ಮೂರೂವರೆ. ನಲವತ್ತರಲ್ಲಿ ಮೂರೂವರೆ! ಕಡಿಮೆಯೇನಲ್ಲ. ಆದರೆ ಇದನ್ನೇ ಹಿಡಿದುಕೊಂಡು ‘ಗಾಳಿ ಶುದ್ಧ ಮಾಡುವ ಮನೆ’ ಅಂತ ಬರೆಯುವವರನ್ನು ಕಂಡರೆ ನನಗೆ ರೇಗುತ್ತದೆ. ಇದ್ದಿಲು ಬೇಯಿಸಲು, ರುಬ್ಬಲು, ಸಾಗಿಸಲು ಆದ ಖರ್ಚನ್ನು ನಾನಿನ್ನೂ ಕಳೆದೇ ಇಲ್ಲ. ಇದಕ್ಕಾಗಿಯೇ ಬೆಳೆದ ಮರ ಕಡಿದರಂತೂ ಲೆಕ್ಕವೇ ತಲೆಕೆಳಗು.

ಹಾಗಾದರೆ ಜಾಸ್ತಿ ಹಾಕಬಹುದಲ್ವಾ? ಇಲ್ಲೇ ತೊಡಕು. ಸಿಮೆಂಟಿನ ಬದಲಿಗೆ ಶೇ. 1-2ರಷ್ಟು ನುಣ್ಣಗೆ ರುಬ್ಬಿ ಹಾಕಿದರೆ ಬಲ ಸಾಮಾನ್ಯವಾಗಿ ಕುಗ್ಗುವುದಿಲ್ಲ, ಕೆಲವು ಸಲ ಸ್ವಲ್ಪ ಏರುತ್ತದೆ. ಇದ್ದಿಲಿನ ತೂತುಗಳಲ್ಲಿ ಕೂತ ನೀರು, ಸಿಮೆಂಟು ಒಣಗಿ ನೀರಿಗೆ ಪರದಾಡುವ ಹೊತ್ತಿಗೆ ನಿಧಾನವಾಗಿ ಹೊರಬರುತ್ತದೆ. ಹೊರಗಿನಿಂದ ನಾವು ನೀರು ಹಾಕಿ ಮಾಡುವ ಕ್ಯೂರಿಂಗನ್ನು ಅದು ಒಳಗಿನಿಂದ ಮಾಡುತ್ತದೆ. ಪ್ರಮಾಣ ಏರಿಸುತ್ತಾ ಹೋದರೆ ಅದೇ ತೂತುಗಳು ದೌರ್ಬಲ್ಯವಾಗುತ್ತವೆ.

ಸಿಮೆಂಟು ಬಿಟ್ಟು ಮರಳಿನ ಜಾಗಕ್ಕೆ ಹಾಕುವ ದಾರಿ ನನಗೆ ಹೆಚ್ಚು ಹಿಡಿಸಿದೆ. ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2023ರಲ್ಲಿ ಕಾಫಿ ಚರಟವನ್ನು 350 ಡಿಗ್ರಿಯಲ್ಲಿ ಇದ್ದಿಲು ಮಾಡಿ, ಮರಳಿನ ಶೇ. 15 ಭಾಗಕ್ಕೆ ಬದಲು ಹಾಕಿದರು. ಬಲ ಸುಮಾರು ಶೇ. 30 ಏರಿತು. ಹಸಿ ಚರಟ ಹಾಗೇ ಹಾಕಿದಾಗ ಬಲ ಕುಸಿದಿತ್ತು. 500 ಡಿಗ್ರಿಯಲ್ಲಿ ಬೇಯಿಸಿದ್ದೂ 350ರಷ್ಟು ಚೆನ್ನಾಗಿ ಬರಲಿಲ್ಲ. ಯಾವ ಕಸ, ಎಷ್ಟು ಶಾಖ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಬ್ಬರ ಚರಟದ ಫಲಿತಾಂಶ ಇನ್ನೊಬ್ಬರ ಹೊಟ್ಟಿಗೆ ಬರುವುದಿಲ್ಲ.

ಒಂದು ತಮಾಷೆ ಹೇಳಲೇಬೇಕು. ಸಿಮೆಂಟಿಗೆ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟ ಬೂದಿ, ಬೆರೆಸುವಾಗ, ಅದರಲ್ಲಿ ಸುಡದೆ ಉಳಿದ ಇದ್ದಿಲು ಹೆಚ್ಚಿದ್ದರೆ ಆ ಬೂದಿಯನ್ನು ಎಂಜಿನಿಯರುಗಳು ಬೇಡ ಅನ್ನುತ್ತಾರೆ. ಕಾಂಕ್ರೀಟಿಗೆ ಹಾಕುವ ರಾಸಾಯನಿಕಗಳನ್ನು ಅದು ಹೀರಿಬಿಡುತ್ತದೆ ಅನ್ನುವುದು ದೂರು. ಬಯೋಚಾರಿಗೂ ಅದೇ ಚಾಳಿ. ಇಷ್ಟು ದಿನ ಹೊರಗಿಟ್ಟಿದ್ದ ಅತಿಥಿಯನ್ನು ಈಗ ಕರೆದು ಮಣೆ ಹಾಕುತ್ತಿದ್ದೇವೆ.

ನನ್ನನ್ನು ಕೇಳಿದರೆ ಕಂಬ, ತೊಲೆ, ತಾರಸಿಗೆ ಈಗಲೇ ಬೇಡ. ನೆಲದ ಬ್ಲಾಕು, ಭಾರ ಹೊರದ ಗೋಡೆ, ಗಿಲಾವು, ಇಲ್ಲಿಂದ ಶುರುವಾಗಲಿ. ಗೋಡೆಯೊಳಗೆ ಇಂಥ ಸಣ್ಣ ತೂತು ಜಾಸ್ತಿಯಿದ್ದರೆ ಶಾಖ ತಡೆಯುವುದಕ್ಕೂ ಒಳ್ಳೆಯದೇ. ಬಿರುಕು ಬಿಟ್ಟರೆ ಕಿತ್ತು ಬೇರೆ ಹಾಕಬಹುದು, ತಲೆ ಮೇಲೇನೂ ಬೀಳುವುದಿಲ್ಲ.

ಎರಡನೇ ಬಾಂಡ್ಲಿಯೂ ಆಯಿತು. ಈ ಸಲ ಪುಡಿಯನ್ನು ಹಿಂದಿನ ರಾತ್ರಿಯೇ ನೆನೆಸಿಟ್ಟೆ. ತಕ್ಕಡಿಯಲ್ಲಿ ತೂಗಿ, ಸಿಮೆಂಟಿನ ಶೇ. 2 ಮಾತ್ರ ಹಾಕಿದೆ. ಚೊಂಬನ್ನು ದೂರ ಇಟ್ಟಿದ್ದೆ. ಪಕ್ಕದಲ್ಲಿ ಇದ್ದಿಲಿಲ್ಲದ ಬಿಲ್ಲೆಯೂ ಒಂದಿದೆ. ಬಲ ನೋಡಲು 28 ದಿನ ಕಾಯಬೇಕು, ಇವತ್ತಿಗೆ ಒಂಬತ್ತು. ಉಗುರಿಗೆ ಇನ್ನೂ ಏನೂ ಉದುರಿಲ್ಲ.