ರಸ್ತೆ ತುಂಬ ಗುಂಡಿ, ಕಾರಲ್ಲಿ ಒಂದೂ ಇಲ್ಲ

ಜೂನ್‌ನಲ್ಲಿ ನಾಲ್ಕು ಮಳೆ ಸರಿಯಾಗಿ ಸುರಿದರೆ ಸಾಕು, ನಮ್ಮ ಹೆದ್ದಾರಿ 66ರಲ್ಲಿ ಗುಂಡಿಗಳು ಏಳುತ್ತವೆ. ಅವನ್ನು ಮುಚ್ಚಬೇಕಾದರೆ ಟೆಂಡರ್ ಆಗಬೇಕು, ಜಲ್ಲಿ ಬರಬೇಕು, ಬಿಸಿಲು ಬೀಳಬೇಕು. ಹತ್ತಿರದಲ್ಲಿ ಚುನಾವಣೆ ಇದ್ದರೆ ಇನ್ನೂ ಒಳ್ಳೆಯದು. ಅದೇ ಕಾರು ಕಂಪನಿಯವರನ್ನು ನೋಡಿ. ಹತ್ತು ಹದಿನೈದು ವರ್ಷದಲ್ಲಿ ಕಾರಿನೊಳಗಿದ್ದ ಗುಂಡಿಗಳನ್ನೆಲ್ಲ ಸದ್ದಿಲ್ಲದೆ ಮುಚ್ಚಿ, ಮೇಲೆ ಗಾಜು ಹಾಸಿ, ಪಾಲಿಶ್ ಮಾಡಿ ಕೊಟ್ಟಿದ್ದಾರೆ. ಎಸಿಯದ್ದಿಲ್ಲ, ಫ್ಯಾನಿನದ್ದಿಲ್ಲ, ವಾಲ್ಯೂಮಿನದ್ದೂ ಇಲ್ಲ. ಎಷ್ಟು ನಯ ಅಂದರೆ ಕೈಯಿಟ್ಟರೆ ಜಾರಬೇಕು. ಈ ಕಾಂಟ್ರಾಕ್ಟರ್‌ಗಳನ್ನು ಒಮ್ಮೆ ಮಂಗಳೂರಿನ ನಂತೂರು ಸರ್ಕಲ್ಲಿಗೆ ಕರೆಸಬಾರದಾ?

ನಮ್ಮ ಭಾವ ಇತ್ತೀಚೆಗೆ ಅಂಥದ್ದೊಂದು ಕಾರು ತೆಗೆದುಕೊಂಡರು. ಯಾವ ಕಂಪನಿ ಅಂತ ಕೇಳಬೇಡಿ, ಈಗ ಎಲ್ಲದರ ಮುಖವೂ ಒಂದೇ. ಡ್ಯಾಶ್‌ಬೋರ್ಡಿನ ನಡುವೆ ಹನ್ನೆರಡು ಇಂಚಿನ ಪರದೆ. ನಮ್ಮ ಮನೆಗೆ ಬಂದ ಮೊದಲ ಟಿವಿ ಇದಕ್ಕಿಂತ ಎರಡೇ ಇಂಚು ದೊಡ್ಡದಿತ್ತು. ಆ ಟಿವಿಗಾದರೂ ತಿರುಗಿಸಲು ಒಂದು ನಾಬ್ ಇತ್ತು.

ಮಳೆಗಾಲದ ಒಂದು ಬೆಳಿಗ್ಗೆ ಇದೇ ಕಾರಲ್ಲಿ ಉಡುಪಿಗೆ ಹೊರಟೆವು. ಪಂಪ್‌ವೆಲ್ ಬಿಟ್ಟು ನಂತೂರು ತಲುಪುವಷ್ಟರಲ್ಲಿ ಮಳೆ ಜೋರಾಯಿತು. ಒಳಗೆ ಐದು ಜನ, ಒದ್ದೆ ಕೊಡೆಗಳು, ಒದ್ದೆ ಚಪ್ಪಲಿಗಳು, ಮುಚ್ಚಿದ ಕಿಟಕಿ. ಎದುರಿನ ಗಾಜು ಒಳಗಿಂದ ಮಂಜಾಯಿತು. ಕರಾವಳಿಯಲ್ಲಿ ಕಾರು ಓಡಿಸುವವರಿಗೆ ಇದು ಹೊಸತೇನಲ್ಲ. ಹಳೇ ಕಾರಲ್ಲಾದರೆ ಕಣ್ಣು ರಸ್ತೆಯಲ್ಲೇ ಇರುತ್ತದೆ. ಎಡಗೈ ತಾನಾಗಿ ಹೋಗಿ ಎಸಿ ಒತ್ತುತ್ತದೆ, ನಾಬನ್ನು ಕೊನೆಯವರೆಗೆ ತಿರುಗಿಸುತ್ತದೆ. ಎಸಿ ಒಳಗಿನ ಗಾಳಿಯ ತೇವ ತೆಗೆಯುತ್ತದೆ, ಗಾಜು ತಿಳಿಯಾಗುತ್ತದೆ. ಮಾತು ಕೂಡ ನಿಲ್ಲಿಸಬೇಕಾಗಿಲ್ಲ.

ಭಾವ ಪರದೆ ಮುಟ್ಟಿದರು. ಪರದೆಯಲ್ಲಿ ಮ್ಯಾಪ್ ಇತ್ತು, ಅದು ದೊಡ್ಡದಾಯಿತು. ಇನ್ನೊಮ್ಮೆ ಮುಟ್ಟಿದರು, ಕದ್ರಿ ದೇವಸ್ಥಾನದ ಫೋಟೋ ಬಂತು. ಕೈ ಮುಗಿದು ಮನೆಯ ಚಿತ್ರ ಒತ್ತಿದರು. ಅಲ್ಲಿಂದ ಫ್ಯಾನಿನ ಚಿತ್ರ ಹುಡುಕಬೇಕು, ಅದರೊಳಗೆ ಮಂಜು ತೆಗೆಯುವ ಡಿಫಾಗರಿನ ಗಾಜಿನ ಚಿತ್ರ. ಗಾಜಿನ ಚಿತ್ರಗಳು ಎರಡು, ಮುಂದಿನದ್ದೊಂದು, ಹಿಂದಿನದ್ದೊಂದು, ಅಣ್ಣತಮ್ಮಂದಿರ ಹಾಗೆ. ಅಷ್ಟರಲ್ಲಿ ಫೋನ್ ಬಂತು. ಪರದೆ ತುಂಬ ‘ಪ್ಲಂಬರ್ ಹೊಸಬ’ ಅಂತ ಹೆಸರು. ಕಟ್ ಮಾಡಲು ಹೋದರೆ ಬೆರಳು ಒದ್ದೆ. ಈ ಪರದೆಗಳು ಬೆರಳನ್ನು ಗುರುತಿಸುವುದು ಅದರ ಮೂಲಕ ಹಾಯುವ ಚೂರು ವಿದ್ಯುತ್ತಿನಿಂದ. ನೀರಿನಲ್ಲೂ ಅದು ಹಾಯುತ್ತದೆ. ಬೆರಳು ಯಾವುದು, ಮಳೆ ಯಾವುದು ಅಂತ ಪರದೆಗೆ ಗೊಂದಲ. ಕೊನೆಗೆ ಏನೋ ಒಂದು ತಾಗಿತು. ಕಾರಿನೊಳಗಿನ ಅಲಂಕಾರದ ದೀಪಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿದವು.

ಹಿಂದೆ ಸಿಟಿ ಬಸ್ಸು. ಅದರ ಹಾರ್ನ್ ಗೊತ್ತಲ್ಲ? ಅದಕ್ಕೆ ಮೆನು ಇಲ್ಲ, ಸೆಟ್ಟಿಂಗ್ಸ್ ಇಲ್ಲ, ಮೊದಲ ಸಲಕ್ಕೇ ಕೆಲಸ ಮಾಡುತ್ತದೆ. ಮುಂದಿನ ಸೀಟಿನಲ್ಲಿದ್ದ ಅಕ್ಕ ಒಂದು ಮಾತೂ ಆಡದೆ ಬಗ್ಗಿ, ಸೆರಗಿನ ತುದಿಯಿಂದ ಗಾಜು ಒರೆಸಿದಳು. ಇಪ್ಪತ್ತು ಲಕ್ಷದ ಕಾರು, ಡಿಫಾಗರ್ ಮಾತ್ರ ಉಡುಪಿ ಕೈಮಗ್ಗದ್ದು.

‘ಪರದೆ ಯಾಕೆ ಸರ್, ಬಾಯಲ್ಲೇ ಹೇಳಿ, ಕಾರು ಕೇಳ್ತದೆ’ ಅಂದಿದ್ದನಂತೆ ಶೋರೂಮಿನ ಹುಡುಗ. ಮೂಲ್ಕಿ ದಾಟಿದ ಮೇಲೆ ಭಾವ ಅದನ್ನೂ ನೋಡಿದರು. ಮೊದಲು ಇಂಗ್ಲಿಷಿನಲ್ಲಿ ಹೇಳಿದರು, ಕಾರು ಸಾರಿ ಅಂದಿತು. ಕನ್ನಡದಲ್ಲಿ ಹೇಳಿದರು, ಮತ್ತೂ ಸಾರಿ. ತಾಳ್ಮೆ ಹೋಗಿ ತುಳುವಿನಲ್ಲಿ ‘ಎಸಿ ಒಂತೆ ಕಡ್ಮೆ ಮಲ್ಪು ಮಾರಾಯ’ ಅಂದರು (ಮಲ್ಪು ಅಂದರೆ ಮಾಡು). ಕಾರಿಗೆ ಬಹಳ ಖುಷಿಯಾಯಿತು. ತಕ್ಷಣ ಮಲ್ಪೆ ಬೀಚಿಗೆ ದಾರಿ ತೋರಿಸಲು ಶುರು ಮಾಡಿತು.

ಆಟೋಮ್ಯಾಟಿಕ್ ವೈಪರಿನದ್ದು ಇನ್ನೊಂದು ಕಥೆ. ನಡುಗನ್ನಡಿಯ ಹಿಂದೆ ಗಾಜಿಗೆ ಅಂಟಿದ ಒಂದು ಸಣ್ಣ ಡಬ್ಬಿ ಉಂಟು. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಗಾಜಿನೊಳಗೆ ಓರೆಯಾಗಿ ಬಿಡುತ್ತದೆ. ಗಾಜು ಒಣಗಿದ್ದರೆ ಬೆಳಕು ಹಿಂದೆ ಬರುತ್ತದೆ. ಹನಿ ಬಿದ್ದಿದ್ದರೆ ಸ್ವಲ್ಪ ಹೊರಗೆ ಸೋರಿ ಹೋಗುತ್ತದೆ. ಎಷ್ಟು ಸೋರಿತು ಅಂತ ಲೆಕ್ಕ ಹಾಕಿ ವೈಪರ್ ಓಡುತ್ತದೆ. ಜಾಣ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಡಬ್ಬಿಗೆ ಕಾಣುವುದು ಗಾಜಿನಲ್ಲಿ ಒಂದಿಷ್ಟೇ ಜಾಗ. ಎಕ್ಸ್‌ಪ್ರೆಸ್ ಬಸ್ಸು ಪಕ್ಕದಲ್ಲಿ ನುಗ್ಗಿ ಡ್ರೈವರ್ ಮುಖದೆದುರು ಕೆಂಪು ನೀರು ಎರಚಿದರೆ ಅದಕ್ಕೆ ಗೊತ್ತೇ ಆಗದಿರಬಹುದು. ಸಂಜೆ ಬರೀ ತುಂತುರು ಬಿದ್ದರೆ ಮಾತ್ರ ಪ್ರಳಯ ಬಂದಂತೆ ಬಡಿದುಕೊಳ್ಳುತ್ತದೆ.

ಆಗ ಕೈಯಲ್ಲೇ ವೇಗ ಹೊಂದಿಸೋಣ ಅಂದರೆ ಕೆಲವು ಕಾರುಗಳಲ್ಲಿ ಅದೂ ಪರದೆಯೊಳಗೆ. 2019ರಲ್ಲಿ ಜರ್ಮನಿಯಲ್ಲಿ ಒಬ್ಬರು ಟೆಸ್ಲಾ ಓಡಿಸುತ್ತಾ, ಮಳೆಯಲ್ಲಿ ವೈಪರ್ ವೇಗ ಬದಲಿಸಲು ಪರದೆ ನೋಡಿದರು. ಕಾರು ರಸ್ತೆ ಬಿಟ್ಟು ಮರಗಳಿಗೆ ಗುದ್ದಿತು. ಅವರಿಗೆ 200 ಯೂರೋ ದಂಡ, ಒಂದು ತಿಂಗಳು ಗಾಡಿ ಓಡಿಸುವ ಹಾಗಿಲ್ಲ. 2020ರಲ್ಲಿ ಕಾರ್ಲ್ಸ್‌ರೂಹೆಯ ಮೇಲಿನ ಕೋರ್ಟು ಕೂಡ ಸರಿ ಅಂದಿತು. ಫೋನಿಗೆ ಯಾವ ನಿಯಮವೋ ಕಾರಿನ ಪರದೆಗೂ ಅದೇ ನಿಯಮವಂತೆ. ಮಳೆಯಲ್ಲಿ ವೈಪರ್ ಹಾಕಲು ಹೋಗಿ ದಂಡ ಕಟ್ಟಿದ್ದು!

ನಮ್ಮಲ್ಲಿ ಅಂಥ ಭಯ ಇಲ್ಲ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ‘ಕೈಯಲ್ಲಿ ಹಿಡಿಯುವ’ ಸಾಧನಕ್ಕೆ ಮಾತ್ರ ತಕರಾರು. ಆರಿಂಚಿನ ಫೋನು ಕೈಯಲ್ಲಿದ್ದರೆ ಅಪಾಯಕಾರಿ ಚಾಲನೆ, ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ, ಜೈಲೂ ಆಗಬಹುದು. ಹನ್ನೆರಡು ಇಂಚಿನ ಫೋನನ್ನು ಕಂಪನಿಯವರೇ ಡ್ಯಾಶ್‌ಬೋರ್ಡಿಗೆ ಜಡಿದು ಕೊಟ್ಟರೆ ಅದು ಪ್ರೀಮಿಯಂ. ಕೈಯಲ್ಲಿ ಹಿಡಿದಿಲ್ಲವಲ್ಲ!

ಸ್ವೀಡನ್ನಿನ ಒಂದು ಕಾರು ಪತ್ರಿಕೆಯವರು 2022ರಲ್ಲಿ ಇದನ್ನು ಅಳೆದೇ ನೋಡಿದರು. ಖಾಲಿ ವಿಮಾನ ನಿಲ್ದಾಣದಲ್ಲಿ ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ರೇಡಿಯೋ ಬದಲಿಸುವುದು, ಮೀಟರಿನ ದೀಪ ಮಂದ ಮಾಡುವುದು, ಇಂಥ ಚಿಲ್ಲರೆ ಕೆಲಸಗಳು. ಗುಂಡಿಗಳಿದ್ದ 2005ರ ವೋಲ್ವೊದಲ್ಲಿ ಎಲ್ಲ ಮುಗಿಯಲು 10 ಸೆಕೆಂಡ್ ಹಿಡಿಯಿತು. ಅಷ್ಟರಲ್ಲಿ ಕಾರು 306 ಮೀಟರ್ ಹೋಗಿತ್ತು. ಕೊನೆಯ ಸ್ಥಾನ ಬಂದದ್ದು ಎಂಜಿಯ ಒಂದು ಹೊಸ ಕಾರಿಗೆ: 44.6 ಸೆಕೆಂಡ್, 1,372 ಮೀಟರ್. ಮೊದಲೇ ಕಾರಿನ ಅಭ್ಯಾಸ ಮಾಡಿಕೊಳ್ಳಲು ಸಮಯ ಕೊಟ್ಟ ಮೇಲಿನ ಲೆಕ್ಕ ಇದು. ಖಾಲಿ ರನ್‌ವೇಯಲ್ಲಿ ಪರವಾಗಿಲ್ಲ. ನಮ್ಮ ಪಡುಬಿದ್ರಿ, ಕಾಪು ಕಡೆ ಒಂದು ಸಾವಿರದ ಮುನ್ನೂರು ಮೀಟರ್ ಅಂದರೆ ಡಿವೈಡರಿನ ಸಂದುಗಳು, ಎರಡು ಬಸ್‌ಸ್ಟಾಪ್, ರಸ್ತೆ ದಾಟಲು ನಿಂತ ಒಬ್ಬರು ಅಜ್ಜಿ, ರಾಂಗ್‌ಸೈಡಿನಲ್ಲಿ ಧೈರ್ಯವಾಗಿ ಬರುವ ಮೀನಿನ ಟೆಂಪೋ. ಇಷ್ಟೂ ಆಗಿ ಹೋಗಿರುತ್ತದೆ, ನಾವಿನ್ನೂ ಎಫ್‌ಎಂ ಹುಡುಕುತ್ತಿರುತ್ತೇವೆ.

ಕಾರಿಗೂ ಇದು ಗೊತ್ತು. ಅದಕ್ಕೇ ಕೆಲವು ಕಾರುಗಳಲ್ಲಿ ನಮ್ಮ ಮುಖ ನೋಡಲು ಒಂದು ಕ್ಯಾಮೆರಾ ಇಟ್ಟಿದ್ದಾರೆ. ಕಣ್ಣು ರಸ್ತೆ ಬಿಟ್ಟರೆ ಬೀಪ್ ಅನ್ನುತ್ತದೆ. ಪರದೆ ‘ಇಲ್ಲಿ ನೋಡು’ ಅನ್ನುತ್ತದೆ, ಕ್ಯಾಮೆರಾ ‘ಎಲ್ಲಿ ನೋಡ್ತೀಯಾ’ ಅಂತ ಬೈಯುತ್ತದೆ. ಎರಡಕ್ಕೂ ದುಡ್ಡು ಕೊಟ್ಟವರು ನಾವು. ಇನ್ನು ಲೇನ್ ಅಸಿಸ್ಟ್ ಅಂತೊಂದು ಉಂಟು. ಇಂಡಿಕೇಟರ್ ಹಾಕದೆ ಬಿಳಿ ಗೆರೆ ದಾಟಲು ಹೋದರೆ ಸ್ಟಿಯರಿಂಗನ್ನು ಮೆಲ್ಲಗೆ ವಾಪಸ್ ಎಳೆಯುತ್ತದೆ. ರಸ್ತೆ ನೆಟ್ಟಗಿರುವ ಊರಿನಲ್ಲಿ ಕೂತು ಮಾಡಿದ್ದು. ನಮ್ಮಲ್ಲಿ ಗೆರೆ ದಾಟುವುದು ಗುಂಡಿ ತಪ್ಪಿಸಲು. ಕಾರು ಅಕ್ಕರೆಯಿಂದ ಹಿಡಿದು ಮತ್ತೆ ಗುಂಡಿಯ ಕಡೆಗೇ ತಿರುಗಿಸುತ್ತದೆ. ಆಫ್ ಮಾಡುವುದು ಎಲ್ಲಿ? ಪರದೆಯಲ್ಲಿ. ಎಷ್ಟೋ ಕಾರುಗಳಲ್ಲಿ ಮರುದಿನ ಸ್ಟಾರ್ಟ್ ಮಾಡಿದರೆ ಅದು ಮತ್ತೆ ಆನ್. (ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ನಾನು ಗೇಲಿ ಮಾಡುತ್ತಿಲ್ಲ. ಅದು ಜೀವ ಉಳಿಸುವಂಥದ್ದು. ಅದಕ್ಕೆ ನಮ್ಮ ಬೆರಳೂ ಬೇಡ.)

ಇದೆಲ್ಲ ಹೊಸ ಹುಚ್ಚು ಅಂದುಕೊಳ್ಳಬೇಡಿ. 1986ರಲ್ಲೇ ಅಮೆರಿಕದ ಬ್ಯೂಕ್ ರಿವಿಯೆರಾ ಕಾರಿಗೆ ಟಚ್ ಪರದೆ ಕೂರಿಸಿದ್ದರು. ಜನ ಬೈದರು, ಕೆಲವೇ ವರ್ಷಗಳಲ್ಲಿ ತೆಗೆದರು. ನೆಲದ ಮೇಲೆ ಮಾತ್ರವೂ ಅಲ್ಲ. 2017ರಲ್ಲಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಸಿಂಗಾಪುರದ ಹತ್ತಿರ ಒಂದು ಟ್ಯಾಂಕರ್ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಹಡಗು ನಡೆಸುವ ಪರದೆಯಲ್ಲಿ ಯಾವ ನಿಯಂತ್ರಣ ಯಾರ ಕೈಯಲ್ಲಿದೆ ಎಂಬ ಗೊಂದಲ ತನಿಖೆಯಲ್ಲಿ ಎದ್ದು ಕಂಡಿತು. ಎರಡು ವರ್ಷದ ನಂತರ ನೌಕಾಪಡೆ ಪರದೆಯ ಬದಲು ಕೈಯಲ್ಲಿ ಹಿಡಿದು ನೂಕುವ ಹಿಡಿಕೆಗಳನ್ನೇ ಮತ್ತೆ ಹಾಕಲು ಹೊರಟಿತು. ಅಷ್ಟು ದೊಡ್ಡ ನೌಕಾಪಡೆ ಹಿಂದೆ ಸರಿದ ಕೆಲಸವನ್ನು ನಾವು ಕೂಳೂರು ಸೇತುವೆ ಮೇಲೆ ಒಂದು ಕೈಯಲ್ಲಿ ಮಾಡುತ್ತಿದ್ದೇವೆ.

ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ 2026ರಿಂದ ಹೊಸ ಲೆಕ್ಕ ತಂದಿದೆ. ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ, ಇಷ್ಟಕ್ಕೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇರಬೇಕು, ಇಲ್ಲವಾದರೆ ಅಂಕ ಹೋಗುತ್ತದೆ. ಹಾರ್ನಿಗೆ ಗುಂಡಿ ಇರಬೇಕು ಅಂತ ನಿಯಮ ಮಾಡಬೇಕಾದ ಕಾಲ ಬಂತಲ್ಲ ಮಾರಾಯ್ರೇ! ನಮ್ಮ ಬಸ್ ಡ್ರೈವರ್‌ಗಳಿಗೆ ಯಾರೂ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಫೋಕ್ಸ್‌ವ್ಯಾಗನ್‌ನವರೂ ಇನ್ನು ಮುಂದೆ ವಾಲ್ಯೂಮ್, ಫ್ಯಾನು, ಬಿಸಿಗಾಳಿಗೆ ನಿಜವಾದ ಗುಂಡಿಗಳನ್ನೇ ಕೊಡುತ್ತೇವೆ ಎಂದು 2025ರಲ್ಲಿ ಹೇಳಿದ್ದಾರೆ.

ಹಾಗಾದರೆ ಗುಂಡಿ ತೆಗೆದದ್ದು ಯಾಕೆ? ಒಂದೊಂದು ಗುಂಡಿಗೂ ಅಚ್ಚು ಮಾಡಬೇಕು, ಸ್ಪ್ರಿಂಗ್ ಹಾಕಬೇಕು, ವಯರ್ ಎಳೆಯಬೇಕು, ಸಾವಿರಾರು ಸಲ ಒತ್ತಿ ಪರೀಕ್ಷೆ ಮಾಡಬೇಕು. ಪರದೆ ಹೇಗೂ ಇರುತ್ತದೆ, ಅದರಲ್ಲಿ ಇನ್ನೊಂದು ಚಿತ್ರ ಬರೆದರೆ ಆಯಿತು. ಮರೆತರೂ ಆಮೇಲೆ ಅಪ್‌ಡೇಟ್ ಕಳಿಸಬಹುದು. ಖರ್ಚು ಉಳಿದದ್ದು ಅವರಿಗೆ, ‘ಮಾಡರ್ನ್’ ಅಂತ ಎರಡು ಲಕ್ಷ ಜಾಸ್ತಿ ಕೊಟ್ಟದ್ದು ನಾವು. ಊಟದ ಎಲೆಯಿಂದ ಉಪ್ಪಿನಕಾಯಿ ತೆಗೆದು ಬಿಲ್ಲಿನಲ್ಲಿ ಸ್ಪೆಷಲ್ ಮೀಲ್ಸ್ ಅಂತ ಬರೆಯುವ ಧೈರ್ಯ ಉಡುಪಿಯ ಯಾವ ಹೋಟೆಲಿಗೂ ಬಂದಿಲ್ಲ.

ಬರೆದಿಟ್ಟುಕೊಳ್ಳಿ, ಇನ್ನು ನಾಲ್ಕೈದು ವರ್ಷಕ್ಕೆ ಕೂಳೂರಿನಿಂದ ಸಂತೆಕಟ್ಟೆವರೆಗೆ ಯಾವ ಶೋರೂಮಿಗೆ ಹೋದರೂ ಟೈ ಕಟ್ಟಿದ ಹುಡುಗ ಬಾಗಿಲಲ್ಲೇ ಹಿಡಿದುಕೊಳ್ಳುತ್ತಾನೆ.

‘ಸರ್, ಇದರಲ್ಲಿ ಹೊಸ ಟೆಕ್ನಾಲಜಿ ಬಂದಿದೆ. ರೋಟರಿ ನಾಬ್. ಕಣ್ಣು ಮುಚ್ಚಿ ತಿರುಗಿಸಿ ನೋಡಿ, ಟಿಕ್ ಟಿಕ್ ಅಂತದೆ.’

‘ಓ, ಒಳ್ಳೆದುಂಟಲ್ಲ! ಎಲ್ಲ ಮಾಡೆಲಿಗೂ ಉಂಟಾ?’

‘ಇಲ್ಲ ಸರ್, ಟಾಪ್ ಎಂಡಿಗೆ ಮಾತ್ರ. ಎಪ್ಪತ್ತೈದು ಸಾವಿರ ಜಾಸ್ತಿ ಆಗ್ತದೆ. ಬುಕಿಂಗ್ ಈ ಸ್ಕ್ರೀನಲ್ಲೇ ಮಾಡ್ಬಹುದು. ಒಂದು ನಿಮಿಷ ಸರ್, ಕೈ ಒರೆಸಿಕೊಳ್ಳಿ.’