ಪುಸ್ ಅಂದದ್ದು ಯಾವ ಗಾಳಿ?

ಕಲಬುರಗಿಯ ಪ್ರತಿ ಓಣಿಯಲ್ಲೂ ಒಬ್ಬ ಗಾಳಿ ಕಾಕಾ ಇರುತ್ತಾರೆ. ನಿಲ್ಲಿಸಿದ ಗಾಡಿ ಯಾರದೇ ಇರಲಿ, ಹತ್ತಿರ ಬಂದು ಚಪ್ಪಲಿ ಕಾಲಿನಿಂದ ಟೈರು ಒದ್ದು "ಗಾಳಿ ಕಮ್ಮಿ ಅದ ನೋಡು" ಅನ್ನದಿದ್ದರೆ ಅವರಿಗೆ ಚಹಾ ಇಳಿಯುವುದಿಲ್ಲ. ಹಿಂದೆ ಶಾಕ್ ಇರುವ ಮೌಂಟೇನ್ ಬೈಕ್ ಕಂಡರೆ ಮಾತ್ರ ಒದೆಯುವುದಿಲ್ಲ. ಎರಡೂ ಕೈಯಿಂದ ಸೀಟು ಹಿಡಿದು ದಬಾದಬಾ ಒತ್ತುತ್ತಾರೆ. ಸೀಟು ಕೆಳಗೆ ಹೋಗಿ ಮೇಲೆ ಬರುತ್ತದೆ. ಅದು ಅದರ ಕೆಲಸ, ಅಷ್ಟು ದುಡ್ಡು ಸುರಿದದ್ದೇ ಅದಕ್ಕೆ. ಕಾಕಾ ಮಾತ್ರ ಗೋಣು ಅಲ್ಲಾಡಿಸಿ, "ಶಾಕಪ್ ಹೋಗ್ಯಾದ ತಮ್ಮಾ, ಗಾಳಿ ನಿಲ್ಲವಲ್ದು" ಅಂತ ತೀರ್ಪು ಕೊಟ್ಟು ಹಾಲಿನ ಪಾಕೀಟು ತರಲು ನಡೆಯುತ್ತಾರೆ.

ಅವರು ತಪ್ಪು ಹೇಳುತ್ತಾರೆ ಅಂತ ಸಿಟ್ಟಿಲ್ಲ. ಆಗೊಮ್ಮೆ ಈಗೊಮ್ಮೆ ಖರೇ ಹೇಳಿಬಿಡುತ್ತಾರಲ್ಲ, ಸಿಟ್ಟು ಅದಕ್ಕೆ.

ಈ ಶಾಕಿನಲ್ಲಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಡಬ್ಬಿ ಇರುತ್ತದೆ. ಆ ಡಬ್ಬಿ ಬಿಚ್ಚಿ, ಒರೆಸಿ, ಸೀಲು ಬದಲಿಸಿ ಮುಚ್ಚುವುದು ಮನೆಯಲ್ಲೇ ಆಗುವ ಕೆಲಸ. ಶಾಕ್ ಮಾಡುವ ಕಂಪನಿಗಳ ಪೈಕಿ ರಾಕ್‌ಶಾಕ್ಸ್‌ನವರು ಗಾಳಿ ಡಬ್ಬಿಗೆ 50 ತಾಸು ಸವಾರಿಗೊಮ್ಮೆ, ಕುಲುಕಾಟ ತಡೆಯುವ ಒಳಗಿನ ಎಣ್ಣೆಯ ಭಾಗಕ್ಕೆ, ಅಂದರೆ ಡ್ಯಾಂಪರಿಗೆ, 200 ತಾಸಿಗೊಮ್ಮೆ ಸರ್ವಿಸ್ ಅನ್ನುತ್ತಾರೆ. ಫಾಕ್ಸ್‌ನವರು 125 ತಾಸು ಇಲ್ಲವೇ ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್ ಅನ್ನುತ್ತಾರೆ. ಈ ಲೆಕ್ಕ ಹಾಕಿದವರು ಬೇಸಿಗೆಯಲ್ಲಿ ಸೇಡಂ ರಸ್ತೆಗೆ ಬಂದವರಲ್ಲ. ಸಿಮೆಂಟ್ ಲಾರಿ ಎಬ್ಬಿಸಿದ ಧೂಳು, ಫರಸಿ ಕಲ್ಲಿನ ಪುಡಿ, ಹೊಲದಿಂದ ಹಾರಿಬಂದ ಕರಿಮಣ್ಣು ಮೂರೂ ಡಬ್ಬಿಯ ಒಳಗೆ ಹೊರಗೆ ಆಡುವ ಸರಳಿನ, ಅಂದರೆ ಶಾಫ್ಟಿನ, ಮೇಲಿನ ಗ್ರೀಸಿಗೆ ಅಂಟಿ, ಸೀಲಿನ ಬಾಯಲ್ಲಿ ಕೂತು ಪಾಲಿಷ್ ಪೇಪರಿನ ಕೆಲಸ ಮಾಡುತ್ತವೆ. ಚಿಂಚೋಳಿ ಕಡೆಯ ಕೆಂಪು ಗುಡ್ಡಕ್ಕೆ ಹೋಗಿಬಂದ ಗಾಡಿಗಾದರೆ ಕೆಂಪು ಬಣ್ಣವೂ ಸೇರಿರುತ್ತದೆ. ಹಾಗಾಗಿ ಇಲ್ಲಿ 50 ತಾಸು ದಾಟಿಸುವುದು ಬುದ್ಧಿವಂತಿಕೆಯಲ್ಲ. ಪ್ರತಿ ಸವಾರಿ ಮುಗಿದ ಮೇಲೆ ಮೆತ್ತನೆ ಬಟ್ಟೆಯಿಂದ ಶಾಫ್ಟ್ ಒರೆಸಿದರೆ ಅರ್ಧ ಗೆದ್ದಂತೆ. ವಾಟರ್ ಸರ್ವಿಸ್ ಅಂಗಡಿಯ ಜೋರು ನೀರಿನ ಪೈಪಿನ ಮುಂದೆ ಹಿಡಿದರೆ ಆ ಅರ್ಧವೂ ಹೋಯಿತು; ನೀರು ಧೂಳನ್ನು ಸೀಲಿನ ಒಳಕ್ಕೇ ತಳ್ಳುತ್ತದೆ.

ಕೆಲಸಕ್ಕೆ ಕೂರುವ ಮೊದಲು ಕೋಣೆಯ ನೆಲ ಒದ್ದೆ ಬಟ್ಟೆಯಿಂದ ಒರೆಸಬೇಕು, ಕಿಟಕಿ ಹಾಕಬೇಕು, ಫ್ಯಾನ್ ಬಂದ್ ಮಾಡಬೇಕು. ಕೂಲರ್ ಅಂತೂ ಬೇಡವೇ ಬೇಡ. ಮೇ ತಿಂಗಳಲ್ಲಿ, 42 ಡಿಗ್ರಿಯಲ್ಲಿ, ಕಿಟಕಿ ಹಾಕಿ ಫ್ಯಾನ್ ಬಂದ್ ಮಾಡಿ ಒಬ್ಬ ಮನುಷ್ಯ ಸೈಕಲ್ಲಿನ ಡಬ್ಬಿ ಬಿಚ್ಚುತ್ತಾ ಕೂತಿದ್ದಾನೆ ಅಂದರೆ ಮನೆಯವರು ಅವನ ಬಗ್ಗೆ ಏನು ತಿಳಿಯಬೇಕೋ ಅದನ್ನೇ ತಿಳಿಯುತ್ತಾರೆ. ಬೆವರಿನ ಹನಿ ನೇರ ಶಾಫ್ಟಿನ ಮೇಲೇ ಬೀಳುತ್ತದೆ. ಹಣೆಗೊಂದು ವಲ್ಲಿ ಕಟ್ಟಿಕೊಳ್ಳಿ. ಫರಸಿ ನೆಲದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ, ಬಿಡಿಭಾಗ ಇಡಲು ತೊಗರಿ ಬೇಳೆ ಹಸನು ಮಾಡುವ ತಾಟನ್ನು ಕೇಳಿ ಪಡೆಯಿರಿ. ಕೇಳದೆ ತಂದರೆ ಅದರ ಪರಿಣಾಮಕ್ಕೆ ಈ ಬರಹ ಹೊಣೆಯಲ್ಲ. ಸೀಲಿನ ಸಣ್ಣ ರಬ್ಬರ್ ಬಳೆ, ಅಂದರೆ ಓ-ರಿಂಗ್, ಕಪ್ಪು; ಫರಸಿಯೂ ಹೆಚ್ಚುಕಡಿಮೆ ಅದೇ ಬಣ್ಣ, ಎರಡು ಫರಸಿಯ ನಡುವಿನ ಸಂದು ಸರಿಯಾಗಿ ಓ-ರಿಂಗಿನ ದಪ್ಪ. ಬಿದ್ದರೆ ಸಿಗುವುದಿಲ್ಲ.

ಬಿಚ್ಚುವ ಮೊದಲು ಎರಡು ಸಂಖ್ಯೆ ಬರೆದಿಡಬೇಕು. ಶಾಕ್ ಪಂಪ್ ಹಾಕಿದಾಗ ಕಂಡ ಗಾಳಿಯ ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ, ಒಂದು; ಕುಗ್ಗಿದ ಶಾಕ್ ಎಷ್ಟು ಬೇಗ ಮೇಲೇಳಬೇಕು ಅನ್ನುವ ರೀಬೌಂಡ್ ತಿರುಪು ಪೂರ್ತಿ ಮುಚ್ಚಲು ಎಷ್ಟು ಕ್ಲಿಕ್ ಬೇಕಾಯಿತು ಅನ್ನುವುದು ಇನ್ನೊಂದು. ಆಮೇಲೆ ವಾಲ್ವಿನ ಪಿನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತಾ, ನಡುನಡುವೆ ಶಾಕನ್ನು ಮೆಲ್ಲಗೆ ಕುಗ್ಗಿಸಿ ಬಿಡುತ್ತಾ ಗಾಳಿ ಖಾಲಿ ಮಾಡಬೇಕು. ಅವಸರ ಇಲ್ಲೇ ಕೆಡಿಸುವುದು. ಡಬ್ಬಿಯಲ್ಲಿ ಎರಡು ಕೋಣೆ. ಒಂದರ ಗಾಳಿ ಶಾಕನ್ನು ಮೇಲೆ ತಳ್ಳಿದರೆ, ನೆಗೆಟಿವ್ ಅನ್ನುವ ಇನ್ನೊಂದರ ಗಾಳಿ ಕೆಳಗೆ ಎಳೆಯುತ್ತದೆ. ಮೊದಲನೆಯದು ಒಮ್ಮೆಲೇ ಖಾಲಿಯಾದರೆ ಎರಡನೆಯದರ ಗಾಳಿ ಒಳಗೇ ಸಿಕ್ಕಿಬಿದ್ದು ಶಾಕ್ ಕುಗ್ಗಿ ಕೂತುಬಿಡುತ್ತದೆ. ಗಾಳಿ ಪೂರ್ತಿ ಹೋದ ಮೇಲೂ ಅದು ತಾನಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಬಿಚ್ಚಲೇಬಾರದು. ಡಬ್ಬಿ ಗುಂಡಿನ ವೇಗದಲ್ಲಿ ಹಾರಬಹುದು. ಮತ್ತೆ ಗಾಳಿ ತುಂಬಿ, ಮತ್ತೆ ಸಾವಕಾಶ ಬಿಡಬೇಕು. ಆಗಲೂ ಸರಿಯಾಗದಿದ್ದರೆ ತಿಳಿದವರ ಕೈಗೆ ಕೊಡಬೇಕು.

ಶಾಕನ್ನು ಫ್ರೇಮಿನಿಂದ ಇಳಿಸಲು ಎರಡು ಬೋಲ್ಟು. ಹೆಚ್ಚಿನ ಗಾಡಿಗಳಿಗೆ 5 ಇಲ್ಲವೇ 6 ಮಿಮೀ ಎಲ್-ಕೀ ಸಾಕು. ಡಬ್ಬಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿ, ಅಪ್ರದಕ್ಷಿಣವಾಗಿ ಕೈಯಿಂದಲೇ ತಿರುಗಿಸಿ, ಬಾಯಿ ನಿಮ್ಮ ಮುಖದ ಕಡೆ ಇರದಂತೆ ಬಟ್ಟೆ ಮುಚ್ಚಿಕೊಂಡು ಎಳೆಯಿರಿ. ಪೈಪ್ ಪಾನಾ ಹಾಕಬೇಡಿ. ಒಳಗೆ ಕಪ್ಪು ಕೆಸರು ಇರುತ್ತದೆ, ನೋಡಿ ಗಾಬರಿಯಾಗಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ. ಪೆಟ್ರೋಲ್ ಬೇಡ, ಕೆಲವು ಸೀಲುಗಳು ಅದಕ್ಕೆ ಉಬ್ಬುತ್ತವೆ. ಹಳೆ ಸೀಲು ತೆಗೆಯಲು ಸೂಜಿ, ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ಕಿನ ಚೂಪು ತುಂಡು ಬೇಕು. ಸೀಲು ಕೂರುವ ಸಣ್ಣ ತೋಡಿನಲ್ಲಿ ಕೂದಲೆಳೆಯ ಗೀರು ಬಿದ್ದರೂ ಅಲ್ಲಿಂದ ಗಾಳಿ ಸೋರುತ್ತದೆ, ಆಗ ಕಾಕಾ ಹೇಳಿದ್ದು ಖರೇ ಆಗುತ್ತದೆ. ಅದಕ್ಕೆ ಯಾರು ತಯಾರಿದ್ದಾರೆ?

ಮುಖ್ಯ ಸೀಲಿನ ಎರಡೂ ಬದಿಗೆ ಬಿಳಿ ಪ್ಲಾಸ್ಟಿಕ್ ಬಳೆಗಳಿದ್ದರೆ, ಅವುಗಳ ಓರೆಯಾಗಿ ಕತ್ತರಿಸಿದ ತುದಿಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಧೂಳಿನ ವೈಪರಿನ ತುಟಿ ಹೊರಕ್ಕೆ. ಗ್ರೀಸ್ ಸಸ್ಪೆನ್ಷನ್ನಿನದೇ ಆಗಬೇಕು, ತೆಳ್ಳಗೆ ಬಳಿಯಬೇಕು. ಮನೆಯಲ್ಲಿದೆ ಅಂತ ಟ್ರ್ಯಾಕ್ಟರಿನ ಗ್ರೀಸ್ ಮೆತ್ತಿದರೆ, ಎರಡು ಕೋಣೆಯ ನಡುವೆ ಗಾಳಿ ಹಾಯುವ ಸಣ್ಣ ದಾರಿ ಕಟ್ಟಿಕೊಂಡು ಶಾಕ್ ಮೊಂಡು ಹಿಡಿಯುತ್ತದೆ. ಎಣ್ಣೆ ಹಾಕಿ ಅಂತ ಕಂಪನಿ ಹೇಳಿದ್ದರೆ ಹೇಳಿದಷ್ಟೇ ಮಿಲೀ. ಡಬ್ಬಿ ಕೈಬಿಗಿ ಮುಚ್ಚಿ, 50 ಪಿಎಸ್‌ಐ ತುಂಬಿ, ನಿಧಾನಕ್ಕೆ ಹತ್ತು ಸಲ ಕುಗ್ಗಿಸಿ ಬಿಡಿ, ಪಂಪಿನ ಮುಳ್ಳು ಇಳಿಯುತ್ತದೆ. ಮತ್ತೆ ತುಂಬಿ, ಮತ್ತೆ ಕುಗ್ಗಿಸಿ. ಹೀಗೆ ಬರೆದಿಟ್ಟ ಸಂಖ್ಯೆಯ ತನಕ.

ಈಗ ಪಂಪ್ ತೆಗೆಯುವ ಹೊತ್ತು. ಸೀಟು ಒತ್ತಿ ಹೋಗಿದ್ದ ಕಾಕಾ ಹಾಲಿಗೆ ಬಿಸಿ ತಾಗಿಸಿ, ಚಹಾ ಮುಗಿಸಿ, ಸರಿಯಾಗಿ ಈ ಹೊತ್ತಿಗೇ ಬಾಗಿಲಲ್ಲಿ ನಿಂತಿರುತ್ತಾರೆ. ಪಂಪಿನ ಮೂತಿ ತಿರುಗಿಸುತ್ತೀರಿ. ಪುಸ್!

"ಹೋಯ್ತು!" ಅನ್ನುತ್ತಾರೆ ಕಾಕಾ.

ಹೋಗಿಲ್ಲ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ಗಾಳಿ ಹೊರಬಿದ್ದ ಸದ್ದು ಅದು. ಶಾಕಿನ ಗಾಳಿ ಶಾಕಿನಲ್ಲೇ ಇದೆ. ಇದನ್ನು ಎಷ್ಟು ಸಾವಕಾಶ ಬಿಡಿಸಿ ಹೇಳಿದರೂ, "ನಾ ಕಿವ್ಯಾರೆ ಕೇಳೀನಿ ತಮ್ಮಾ. ಹಚ್ಚಿ ನೋಡು ಮತ್ತ" ಅನ್ನುತ್ತಾರೆ. ಹಚ್ಚಿ ನೋಡುತ್ತೀರಿ. 200 ಇದ್ದದ್ದು 185 ತೋರಿಸುತ್ತದೆ! ಏಕೆಂದರೆ ಖಾಲಿ ಪೈಪನ್ನು ತುಂಬಲು ಶಾಕಿನ ಗಾಳಿಯೇ ಹೊರಗೆ ಬಂತು. ಡಬ್ಬಿ ಇರುವುದೇ ಚಿಕ್ಕದು. ಕಾಕಾನ ಮುಖದಲ್ಲಿ ಜಾತ್ರೆ. "ಹದಿನೈದು ಹೋಯ್ತು, ಅಲಾ?" ಮತ್ತೆ 200ಕ್ಕೆ ಏರಿಸಿ, ಪಂಪ್ ತೆಗೆದರೆ ಪುಸ್. "ಮತ್ತ ಹೋಯ್ತು!" ಮತ್ತೆ ಹಚ್ಚಿದರೆ ಮತ್ತೆ 185. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗರು, ಇಸ್ತ್ರಿ ಬಟ್ಟೆ ಕೊಡಲು ಬಂದವನು, ಎಲ್ಲರೂ ಸುತ್ತ ನಿಂತಿರುತ್ತಾರೆ. ಪುಸ್ ಅಂದ ಕೂಡಲೇ ಎಲ್ಲರೂ ಒಟ್ಟಿಗೆ "ಓ..." ಅನ್ನುತ್ತಾರೆ. ಯಾರೋ ಒಬ್ಬ, "ವಾಲ್ವ್ ಮೋಟರ್‌ಸೈಕಲ್ಲಿಂದೇ ಅದಲ್ಲ, ಪಂಚರ್ ಅಂಗಡ್ಯಾಗ ಹಾಕ್ಸಿದ್ರ ಮುಗೀತು" ಅನ್ನುತ್ತಾನೆ. ವಾಲ್ವ್ ಅದೇ, ಒಪ್ಪಿದೆ. ಆದರೆ ಟೈರಿಗೆ ಗಾಳಿ ಹೊಡೆಯುವ ಸಾಮಾನ್ಯ ಕಂಪ್ರೆಸರ್ ಈ ಒತ್ತಡ ಮುಟ್ಟುವುದಿಲ್ಲ, ಮುಟ್ಟಿದರೂ ಇಷ್ಟು ಪುಟ್ಟ ಡಬ್ಬಿಯಲ್ಲಿ ಹದ ಹಿಡಿಯಲು ಬರುವುದಿಲ್ಲ. 300 ಪಿಎಸ್‌ಐ ತನಕ ಹೋಗುವ ಕೈಪಂಪು ಬೇರೆ ಇರುವುದು ಇದಕ್ಕೇ.

ಇದನ್ನು ಕೊನೆಗಾಣಿಸುವ ಒಂದೇ ದಾರಿ ಸಾಬೂನು ನೀರು. ವಾಲ್ವಿಗೂ ಸೀಲಿನ ಅಂಚಿಗೂ ಬ್ರಷ್ಷಿನಿಂದ ಬಳಿದು ನೋಡಿ, ಗುಳ್ಳೆ ಬರದಿದ್ದರೆ ಸೋರಿಕೆ ಇಲ್ಲ. ಗುಳ್ಳೆಯ ಭಾಷೆ ಕಾಕಾನಿಗೆ ಪಂಚರ್ ಅಂಗಡಿಯ ಕಾಲದಿಂದ ಗೊತ್ತು. ಅವರ ಕಾಲದ ಸೈಕಲ್ಲಿಗೆ ಸಸ್ಪೆನ್ಷನ್ ಅಂದರೆ ಸೀಟಿನ ಕೆಳಗಿನ ಎರಡು ಸ್ಪ್ರಿಂಗು, ಸರ್ವಿಸ್ ಅಂದರೆ ಎರಡು ಹನಿ ಎಣ್ಣೆ. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತಂದ ಸೈಕಲ್ಲನ್ನು ಅಪ್ಪನ ಕೆರೆ ಸುತ್ತ ಹೊಡೆದು, ಹೊತ್ತು ಮೀರುವ ಮೊದಲು ಅಂಗಡಿಗೆ ಮುಟ್ಟಿಸುತ್ತಿದ್ದ ತಲೆಮಾರು. ಅಟ್ಲಾಸ್ ಸೈಕಲ್ಲಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆ ಹೆಸರು ಎತ್ತಿದರೆ ಕಾಕಾ ಗಾಳಿಯ ಮಾತು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆ ಸಂದಿನಲ್ಲಿ ಶಾಕನ್ನು ಗಾಡಿಗೆ ಏರಿಸಿಬಿಡಿ.

ಬೋಲ್ಟುಗಳನ್ನು ಫ್ರೇಮಿನವರು ಹೇಳಿದ ಟಾರ್ಕಿಗೆ ಬಿಗಿ ಮಾಡಿ, ಸವಾರಿಯ ಬಟ್ಟೆ, ಚೀಲ, ನೀರಿನ ಸಮೇತ ಹತ್ತಿ, ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಶಾಕ್ ಎಷ್ಟು ಕುಗ್ಗಿತು ಅನ್ನುವುದನ್ನು, ಅಳೆಯಿರಿ. ಶಾಕ್ ಪೂರ್ತಿ ಕುಗ್ಗುವ ದೂರದ, ಅಂದರೆ ಸ್ಟ್ರೋಕಿನ, 25ರಿಂದ 30 ಶೇಕಡಾ ಇರಬೇಕು. 50 ಮಿಮೀ ಸ್ಟ್ರೋಕಾದರೆ ಶಾಫ್ಟಿನ ರಬ್ಬರ್ ಬಳೆ 15 ಮಿಮೀ ಆಚೆ ನಿಲ್ಲುವುದು ಕೊನೆಯ ಮಿತಿ. ಬೆಳಿಗ್ಗೆ 27 ಡಿಗ್ರಿಯಲ್ಲಿ 200 ಪಿಎಸ್‌ಐ ತುಂಬಿದ್ದು ಮಧ್ಯಾಹ್ನ 42ಕ್ಕೆ 210ರ ಆಸುಪಾಸು ಆಗುತ್ತದೆ. ಇದನ್ನು ಯಾರಿಗೂ ಹೇಳಬೇಡಿ. ಗಾಳಿ ತಾನಾಗಿಯೇ ಹೆಚ್ಚಾಯಿತು ಅಂದರೆ ಮತ್ತೆ ಜನ ಸೇರುತ್ತಾರೆ.

ಡ್ಯಾಂಪರ್ ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಬಹಳಷ್ಟು ಶಾಕುಗಳಲ್ಲಿ ಅದರೊಳಗೆ ಹಲವು ನೂರು ಪಿಎಸ್‌ಐ ನೈಟ್ರೋಜನ್ ಇರುತ್ತದೆ. ಕುಗ್ಗಿಸಿದಾಗ ಪಿಚಪಿಚ ಸದ್ದು, ಶಾಫ್ಟಿನ ಮೇಲೆ ಎಣ್ಣೆ, ತಿರುಪು ಎಷ್ಟು ಮುಚ್ಚಿದರೂ ಒದೆಯುತ್ತಾ ಮೇಲೇಳುವುದು, ಇವು ಕಂಡರೆ ಗಾಳಿ ಬಿಟ್ಟು, ಪೆಟ್ಟಿಗೆಗೆ ಹಾಕಿ, ಪಳಗಿದವರಿಗೆ ಪಾರ್ಸಲ್ ಮಾಡಿ.

ಶಾಕ್ ಇಳಿಸಿದ ಹೊತ್ತಿನಲ್ಲೇ ಹಿಂದಿನ ಚೌಕಟ್ಟನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಿರಬೇಕು. ಕರಕರ ಅಂದರೆ ಚೌಕಟ್ಟು ಆಡುವ ಕೀಲುಗಳ ಪಿವಟ್ ಬೇರಿಂಗ್ ಹೋಗಿವೆ. ಅವು ಪೂರ್ತಿ ಸುತ್ತುವುದೇ ಇಲ್ಲ, ಕೆಲವೇ ಡಿಗ್ರಿ ಅತ್ತಿತ್ತ ಆಡಿ ಒಂದೇ ಜಾಗದಲ್ಲಿ ಸವೆಯುತ್ತವೆ. ಸುತ್ತಿಗೆ ಬೇಡ; ಉದ್ದ ಬೋಲ್ಟು, ನಟ್ಟು, ಅಳತೆಗೆ ಸರಿಯಾದ ಗೋಟಿ ಪಾನಾದಿಂದ ಒತ್ತಿ ತೆಗೆಯಬೇಕು. ಹೊಸದು ಕೂರಿಸುವಾಗ ಹೊರಗಿನ ಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು. ಹಳೆಯದರ ಮೇಲಿನ ನಂಬರ್ ನೋಡಿ. 6902 2ಆರ್‌ಎಸ್ (ಎರಡೂ ಬದಿಗೆ ರಬ್ಬರ್ ಸೀಲು ಇರುವುದು) ಬಹಳ ಗಾಡಿಗಳಲ್ಲಿದೆ: ಒಳಗೆ 15, ಹೊರಗೆ 28, ದಪ್ಪ 7 ಮಿಮೀ. ಊರಿನ ಬೇರಿಂಗ್ ಅಂಗಡಿಯಲ್ಲಿ ಕೇಳಿ ನೋಡಬಹುದು. ಆದರೆ ಸೈಕಲ್ಲಿಗೆ ಅಂದರೆ, "ಸೈಕಲ್ಲಿಗ್ಯಾಕ್ರೀ ಬೇರಿಂಗು? ಛರ್ರಾ ಹಾಕ್ಸ್ರಿ" ಅಂತ ಬಿಡಿ ಉಕ್ಕಿನ ಗುಂಡುಗಳ ಉಪದೇಶ ಶುರುವಾಗುತ್ತದೆ. ಅದನ್ನು ತಪ್ಪಿಸಲು ಫ್ಯಾನಿಗೆ ಬೇಕು ಅಂದಿರೋ, ಅಂಗಡಿಯವರು ನಂಬರ್ ಬರೆದ ಚೀಟಿಯನ್ನು ಒಮ್ಮೆ ನೋಡಿ, ನಕ್ಕು, "ಫ್ಯಾನಿಗೆ 6202 ಬರ್ತದ್ರೀ, ಯಾರೋ ತಪ್ಪು ಬರ್ದು ಕೊಟ್ಟಾರ" ಅಂತ ತಾವೇ ತಿದ್ದಿ, ಒಳಗೆ ಅದೇ 15, ಹೊರಗೆ 35 ಮಿಮೀ ಇರುವ ಎರಡನ್ನು ಪೊಟ್ಟಣ ಕಟ್ಟಿ ಕೈಗಿಡುತ್ತಾರೆ.